ಎ. ಓ. ಹ್ಯೂಮ್: ಬೇಲಿಗೆ ದೊರೆತದ್ದು, ಹೊಲಕ್ಕೆ ದೊರೆಯದ್ದು
(ಉಪನ್ಯಾಸದ ಲಿಖಿತ ರೂಪ)



ಅಲನ್ ಆಕ್ಟೇವಿಯನ್ ಹ್ಯೂಮ್ ಅವರನ್ನು 1885ರಲ್ಲಿ ಭಾರತ ರಾಷ್ಟ್ರೀಯ ಕಾಂಗ್ರೆಸ್ಸಿನ ಸ್ಥಾಪನೆಗೆ ಮುಂದಾದ ಆಂಗ್ಲ ಅಧಿಕಾರಿಯೆಂದು ಪಠ್ಯಪುಸ್ತಕಗಳು ಪರಿಚಯಿಸುತ್ತವೆ. ಅದಕ್ಕೆ ಮುನ್ನ ಅವರು ಸರ್ಕಾರಿ ಸೇವೆಯಲ್ಲಿ ಕಳೆದ ಮೂರು ದಶಕಗಳನ್ನು ನೆಲದ ಚಿಂತೆಯುಳ್ಳವರು ಅವಶ್ಯ ಅರಿಯಬೇಕು.

1849ರಲ್ಲಿ ಬಂಗಾಳ ಸಿವಿಲ್ ಸೇವೆಗೆ ಸೇರಿದ ಹ್ಯೂಮ್, ಇಟಾವಾ ಜಿಲ್ಲೆಯಲ್ಲಿ ಉಚಿತ ಶಾಲೆಗಳನ್ನು ತೆರೆದು ಹೆಸರಾದರು. 1867ರಲ್ಲಿ ಅವರಿಗೆ ಒಳನಾಡ ಸುಂಕದ ಕಮಿಷನರ್ ಹುದ್ದೆ ದೊರೆಯಿತು. ಸುಂಕ ತೆರದ ಉಪ್ಪು ದಾಟದಂತೆ ಸಿಂಧೂ ನದಿಯ ಕಡೆಯಿಂದ ಒರಿಸ್ಸಾದತ್ತ ಎರಡು ಸಾವಿರ ಮೈಲಿಗೂ ಮೀರಿದ ಕಾವಲು ರೇಖೆಯಿತ್ತು. ಅದರ ಬಹುಭಾಗ ಮುಳ್ಳುಬೇಲಿ. ಒಣಮುಳ್ಳಿನ ಬೇಲಿ ಗೆದ್ದಲಿಗೂ ಬೆಂಕಿಗೂ ತುತ್ತಾಗುತ್ತಿತ್ತು. ಹ್ಯೂಮ್ ಆಯಾ ಸೀಮೆಯ ಮಣ್ಣಿಗೆ, ಮಳೆಗೆ ಒಗ್ಗುವ ಮುಳ್ಳುಗಿಡಗಳನ್ನು ಪರೀಕ್ಷಿಸಿ ಜೀವಂತ ಬೇಲಿಯನ್ನು ಬೆಳೆಸಿದರು. ಸಸ್ಯಜ್ಞಾನದ ದೃಷ್ಟಿಯಿಂದ ಅದು ಮೆಚ್ಚತಕ್ಕ ಕೆಲಸ. ಬಡವನ ಗಂಜಿಯ ಉಪ್ಪಿಗೆ ಮಾತ್ರ ಅದೇ ತಡೆ. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಅದರ ಕಾವಲಿಗೆ ಸುಮಾರು 12 ಸಾವಿರ ಜನರಿದ್ದರು.

1871ರಲ್ಲಿ ವೈಸರಾಯ್ ಮೇಯೊ ಹೊಸ ಇಲಾಖೆಯೊಂದನ್ನು ರಚಿಸಿ ಹ್ಯೂಮ್ ಅವರನ್ನು ಕಾರ್ಯದರ್ಶಿಯಾಗಿ ನೇಮಿಸಿದರು. ಕೃಷಿಗೆಂದೇ ಬಯಸಿದ ಆ ಇಲಾಖೆಯ ಹೆಸರಿನಲ್ಲಿ ಕಂದಾಯ ಮೊದಲು, ಕೃಷಿ ಅನಂತರ. ಆಚರಣೆಯೂ ಹಾಗೆಯೇ ನಡೆಯಿತು. 1879ರಲ್ಲಿ ಹ್ಯೂಮ್ ಕೃಷಿ ಸುಧಾರಣೆಯ ಕುರಿತು ಪುಸ್ತಕ ಪ್ರಕಟಿಸಿದರು. ಭಾರತದ ರೈತ ಅಜ್ಞಾನಿಯಲ್ಲ. ಸೌದೆಯಿಲ್ಲದೆ ಸಗಣಿಯನ್ನು ಉರಿಸುವುದರಿಂದ ಹೊಲಕ್ಕೆ ಗೊಬ್ಬರ ಸಾಲದು. ಆದ್ದರಿಂದ ಹಳ್ಳಿಗಳಿಗೆ ಸೌದೆಯ ತೋಪುಗಳು ಬೇಕು ಎಂಬುದು ಅವರ ವಾದ. ಸೊಪ್ಪಿನ ಬೆಟ್ಟದ ಬೆಲೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದೇ ವರ್ಷ ಸರ್ಕಾರ ಅವರನ್ನು ಹುದ್ದೆಯಿಂದ ತೆಗೆಯಿತು, ಇಲಾಖೆಯನ್ನೂ ಮುಚ್ಚಿತು. ಸುಂಕದ ಬೇಲಿಯನ್ನು ಕೈಬಿಟ್ಟದ್ದೂ 1879ರಲ್ಲಿಯೇ. ಆದರೆ ಉಪ್ಪಿನ ತೆರಿಗೆ ಉಳಿಯಿತು. 1881ರಲ್ಲಿ, ಕ್ಷಾಮ ಆಯೋಗದ ಸಲಹೆಯಂತೆ, ಕೃಷಿ ಇಲಾಖೆ ಮರಳಿ ಹುಟ್ಟಿತು. ಮರುವರ್ಷ ಹ್ಯೂಮ್ ಸೇವೆಯನ್ನು ತೊರೆದರು.

ಪಕ್ಷಿವಿಜ್ಞಾನಕ್ಕೂ ಅವರು ಅಪಾರವಾಗಿ ದುಡಿದಿದ್ದರು. ವರ್ಷಗಳ ಕಾಲ ಸಿದ್ಧಪಡಿಸಿದ ಹಸ್ತಪ್ರತಿ ಶಿಮ್ಲಾದ ಪೇಟೆಯಲ್ಲಿ ರದ್ದಿ ಕಾಗದವಾಗಿ ಮಾರಾಟವಾಯಿತು. ಸಾವಿರಾರು ಪಕ್ಷಿ ಮಾದರಿಗಳು 1885ರಲ್ಲಿ ಬ್ರಿಟಿಷ್ ಮ್ಯೂಸಿಯಂ ಸೇರಿದವು.

ವಿದ್ಯಾರ್ಥಿಗಳು ಗಮನಿಸಬೇಕಾದದ್ದು ಇಷ್ಟು. ಬೇಲಿ ಬೆಳೆಸಿದ ಜ್ಞಾನವೂ ಸೌದೆಯ ತೋಪು ಕೇಳಿದ ಜ್ಞಾನವೂ ಒಬ್ಬರದೇ. ಮೊದಲನೆಯದಕ್ಕೆ ಹಣವೂ ಆಳುಗಳೂ ದೊರೆತರು, ಎರಡನೆಯದನ್ನು ಕೇಳುವವರಿರಲಿಲ್ಲ. ಮರ ನೆಡುವ ಯಾವ ಯೋಜನೆ ಊರಿಗೆ ಬಂದರೂ, ಅದು ಯಾರ ಬೊಕ್ಕಸಕ್ಕೆ, ಯಾರ ಹೊಲಕ್ಕೆ ಎಂಬುದನ್ನು ಮೊದಲು ಕೇಳಿರಿ.