ಕೈಯಲ್ಲಿ ಟ್ಯಾಬ್ ಇದ್ದರೂ ಕಾಲು ಮನೆ ಕಡೆ ನಡೆಯಬೇಕು

(ಬೋರಗಾಂವದಲ್ಲಿ ನರ್ಸಿಂಗ್ ವಿದ್ಯಾರ್ಥಿನಿಯರು ಹಾಗೂ ಆಶಾ ಕಾರ್ಯಕರ್ತೆಯರಿಗೆ ನೀಡಿದ ಉಪನ್ಯಾಸ)



ನರ್ಸಿಂಗ್ ಕಲಿಕೆಯಲ್ಲಿ ಮೊಬೈಲು, ಟ್ಯಾಬ್ ಬಳಕೆ ಬಗ್ಗೆ ಮಾತಾಡ್ರಿ ಅಂತ ಹೇಳಿದ್ದಾರೆ. ಒಂದು ಕಾಲಕ್ಕೆ ಕ್ಲಾಸಿಗೆ ಮೊಬೈಲ್ ತರಬ್ಯಾಡ್ರಿ ಅಂತಿದ್ದೆವು. ಎ.ಎನ್.ಎಂ.ಗಳಿಗಾಗಿ ಕೇಂದ್ರ ಸರಕಾರ 2016ರಲ್ಲಿ ‘ಅನ್ಮೋಲ್’ ಆ್ಯಪ್ ತಂದಿತು. ಭಾರತೀಯ ನರ್ಸಿಂಗ್ ಪರಿಷತ್ತು 2021ರ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮದಲ್ಲಿ ಮಾಹಿತಿ ತಂತ್ರಜ್ಞಾನವನ್ನೂ ಸೇರಿಸಿತು. ಆದ್ದರಿಂದ ಬಳಸಬೇಕೋ ಬೇಡವೋ ಎಂಬ ಪ್ರಶ್ನೆ ಮುಗಿದಿದೆ. ಹೇಗೆ ಬಳಸಬೇಕು ಎಂಬುದು ಉಳಿದಿದೆ.

ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಒಂದು ಉದಾಹರಣೆ ಇದೆ. 2014ರಿಂದ 2016ರವರೆಗೆ ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಲ್ಲಿ ‘ಕ್ಲಿಪ್’ ಎಂಬ ಅಧ್ಯಯನ ನಡೆಯಿತು. ಬೆಳಗಾವಿಯ ಜೆ.ಎನ್. ವೈದ್ಯಕೀಯ ಕಾಲೇಜು ಮತ್ತು ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯ ಅದರಲ್ಲಿ ಕೂಡಿ ಕೆಲಸ ಮಾಡಿದವು. ಇಲ್ಲಿ 14,000ಕ್ಕೂ ಹೆಚ್ಚು ಗರ್ಭಿಣಿಯರು ಸೇರಿದ್ದರು. ವಿಷಯ ಗರ್ಭನಂಜು. ಬಿ.ಪಿ. ಏರಿ, ಮೂತ್ರದಲ್ಲಿ ಪ್ರೋಟೀನ್ ಹೋಗಿ, ಕಡೆಗೆ ಝಟಕಾ ಬಂದು ತಾಯಿಯ ಜೀವವನ್ನೇ ತೆಗೆಯುವ ಕಾಯಿಲೆ.

ಅರ್ಧದಷ್ಟು ಪ್ರದೇಶದಲ್ಲಿ ಆಶಾ ಮತ್ತು ಎ.ಎನ್.ಎಂ.ಗಳಿಗೆ ಆ್ಯಪ್ ಇರುವ ಸಾಧನ ಕೊಟ್ಟು ತರಬೇತಿ ಮಾಡಿದರು. ತಲೆನೋವು ಇದೆಯೇ, ಕಣ್ಣು ಮಂಜಾಗಿದೆಯೇ, ಬಿ.ಪಿ. ಎಷ್ಟು, ಮೂತ್ರದಲ್ಲಿ ಪ್ರೋಟೀನ್ ಇದೆಯೇ ಎಂದು ಅದು ಕೇಳುತ್ತದೆ. ಉತ್ತರ ಒತ್ತಿದರೆ ಮಾತ್ರೆ ಕೊಡಿ, ಇಂಜೆಕ್ಷನ್ ಕೊಡಿ, ಕೂಡಲೇ ದವಾಖಾನೆಗೆ ಕಳಿಸಿ ಎಂದು ದಾರಿ ತೋರಿಸುತ್ತದೆ.

ಫಲಿತಾಂಶ 2020ರಲ್ಲಿ ಬಂತು. ಆ್ಯಪ್ ಕೊಟ್ಟ ಕಡೆ ಒಟ್ಟಾರೆ ಸಾವು-ನೋವು ಕಡಿಮೆಯಾಗಿರಲಿಲ್ಲ! ಆದರೆ ಭಾರತ, ಪಾಕಿಸ್ತಾನ, ಮೊಜಾಂಬಿಕ್ ಮೂರೂ ದೇಶಗಳ ಲೆಕ್ಕ ಕೂಡಿಸಿ ನೋಡಿದಾಗ, ಎಂಟು ಅಥವಾ ಹೆಚ್ಚು ಭೇಟಿ ಸಿಕ್ಕ ತಾಯಂದಿರಲ್ಲಿ ಮೃತಶಿಶು ಜನನ ಕಡಿಮೆ ಇತ್ತು. ಇದಕ್ಕೆ ಬೇರೆ ಕಾರಣಗಳೂ ಕೂಡಿರಬಹುದು. ಆದರೂ ಪಾಠ ಮರೆಯುವಂಥದ್ದಲ್ಲ. ಸಾಧನ ತಾನಾಗಿ ಮನೆಗೆ ಹೋಗೋದಿಲ್ಲ, ನಾವು ಹೋಗಬೇಕು. ಒಂದು ಸಲ ಅಲ್ಲ, ಮತ್ತೆ ಮತ್ತೆ.

ವಿದ್ಯಾರ್ಥಿನಿಯರೇ, ಕೆಲವು ಮಾತು ನೆನಪಿಡಿ.

ಮೊದಲು ಕೈ ಕಲಿಯಲಿ. ತಂಬಾಕಿನ ಹೊಲದಿಂದ ಆಗಷ್ಟೇ ನಡೆದು ಬಂದ ತಾಯಿಗೆ ಐದು ನಿಮಿಷ ಕೂಡ್ರಿಸದೆ, ಕುಪ್ಪಸದ ತೋಳಿನ ಮೇಲೆಯೇ ಪಟ್ಟಿ ಕಟ್ಟಿ ಬಿ.ಪಿ. ನೋಡಿದರೆ ಅಂಕಿ ತಪ್ಪುತ್ತದೆ. ತಪ್ಪು ಅಂಕಿ ತುಂಬಿದರೆ ಆ್ಯಪ್ ತಪ್ಪು ದಾರಿಯನ್ನೇ ತೋರಿಸುತ್ತದೆ.

ಎರಡನೆಯದು, ಭಾಷೆ. ನಮ್ಮ ಗಡಿ ಊರುಗಳಲ್ಲಿ ಅರ್ಧ ಮನೆ ಕನ್ನಡ, ಅರ್ಧ ಮರಾಠಿ. ‘ದೃಷ್ಟಿ ಮಂದವೇ?’ ಅಂತ ಪರದೆ ನೋಡಿ ಓದಿದರೆ ಆಕೆ ಸುಮ್ಮನೆ ತಲೆ ಆಡಿಸ್ತಾಳ. ‘ಕಣ್ಣಿಗೆ ಕತ್ತಲಿ ಬರ್ತೈತೇನವಾ?’, ‘ಡೋಳ್ಯಾಸಮೋರ ಅಂಧಾರಿ ಯೇತೇ ಕಾ?’ ಅಂತ ಮುಖ ನೋಡಿ ಕೇಳಿದರೆ ಖರೇ ಹೇಳ್ತಾಳ.

ಮೂರನೆಯದು, ಗುಟ್ಟು. ರೋಗಿಯ ಫೋಟೋ, ಹೆಸರು, ರಿಪೋರ್ಟು ವಾಟ್ಸಾಪ್ ಗುಂಪಿಗೆ ಹಾಕುವುದು ಕಲಿಕೆ ಅಲ್ಲ. ಅದು ಆ ಹೆಣ್ಣುಮಗಳ ಮಾನದ ಪ್ರಶ್ನೆ.

ಕಡೆಯದಾಗಿ, ಚೊಚ್ಚಲ ಹೆರಿಗೆಗೆ ಸೊಸೆ ಗಡಿ ದಾಟಿ ತವರಿಗೆ ಹೋಗುತ್ತಾಳೆ. ನಿಮ್ಮ ಟ್ಯಾಬ್ ಇಲ್ಲೇ ಉಳಿಯುತ್ತದೆ. ಆದಕಾರಣ ಬಿ.ಪಿ. ಅಂಕಿಯನ್ನು ತಾಯಿ ಕಾರ್ಡಿನಲ್ಲೂ ಬರೆಯಿರಿ, ಅಪಾಯದ ಲಕ್ಷಣಗಳನ್ನು ಆಕೆಯ ಅವ್ವನಿಗೂ ತಿಳಿಸಿ ಹೇಳಿ.

ಮಾತೆ ಮರಿಯಮ್ಮನವರು ಗುಡ್ಡಗಾಡಿನ ದಾರಿ ನಡೆದು, ಗರ್ಭಿಣಿ ಎಲಿಜಬೇತಮ್ಮನ ಮನೆಗೆ ಹೋಗಿ ಸುಮಾರು ಮೂರು ತಿಂಗಳು ಜೊತೆಗಿದ್ದರೆಂದು ಲೂಕನ ಶುಭಸಂದೇಶ ತಿಳಿಸುತ್ತದೆ. ಮನೆಭೇಟಿ ಎಂದರೆ ಅದೇ. ಹೊಸ ಸಾಧನವನ್ನು ಚೆನ್ನಾಗಿ ಕಲಿಯಿರಿ, ಅದನ್ನು ಹಿಡಿದು ಎಂಟನೇ ಸಲವೂ ಅದೇ ಬಾಗಿಲು ತಟ್ಟಿರಿ.

ದೇವರು ನಿಮ್ಮ ಕೈಕಾಲುಗಳಿಗೆ ಬಲ ಕೊಡಲಿ.