ಮನಸ್ಸನ್ನು ಅರಿಯುವ ಹೊಸ ಶಾಸ್ತ್ರ
(ಶಾಲಾ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ನಮ್ಮ ಕಾಸರಗೋಡಿನ ಮಗುವು ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡಿ, ಪೇಟೆಯಲ್ಲಿ ಮಲಯಾಳದಲ್ಲಿ ವ್ಯವಹರಿಸಿ, ಶಾಲೆಯಲ್ಲಿ ಕನ್ನಡವನ್ನು ಓದುತ್ತದೆ. ಇಷ್ಟು ಭಾಷೆಗಳ ಹೊರೆಯಿಂದ ಬುದ್ಧಿ ಕುಂಠಿತವಾಗದೇ ಎಂದು ಪೋಷಕರು ಕೇಳುವುದುಂಟು. ಕೇಳಿದವರಲ್ಲಿ ಕೆಲವರು ಮಗುವನ್ನು ಬಿಡಿಸಿಕೊಂಡು ಹೋದದ್ದೂ ಉಂಟು.

ಈ ಪ್ರಶ್ನೆಗೆ ಯಾವುದೊಂದು ಶಾಸ್ತ್ರವೂ ಒಂಟಿಯಾಗಿ ಉತ್ತರ ಕೊಡಲಾರದು. ನುಡಿಯ ರಚನೆಯನ್ನು ಭಾಷಾವಿಜ್ಞಾನಿ ಬಲ್ಲನು. ಮಿದುಳನ್ನು ನರವಿಜ್ಞಾನಿ ಬಲ್ಲನು. ನೆನಪು, ಅವಧಾನಗಳನ್ನು ಮನಶ್ಶಾಸ್ತ್ರಜ್ಞನು ಬಲ್ಲನು. ಇವರೊಡನೆ ತತ್ತ್ವಶಾಸ್ತ್ರ, ಮಾನವಶಾಸ್ತ್ರ, ಗಣಕಶಾಸ್ತ್ರಗಳೂ ಕೂಡಿ ಬೆಳೆದುದೇ ಅರಿವಿನ ವಿಜ್ಞಾನ. 1956ರಲ್ಲಿ ಅಮೇರಿಕದ ಮೆಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಯಲ್ಲಿ ನಡೆದ ಗೋಷ್ಠಿಯೇ ಇದರ ಹುಟ್ಟೆಂದು ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ ಎಣಿಸಿದರು.

ನಮಗೆ ಸಮೀಪದ ದೃಷ್ಟಾಂತವು ಹೈದರಾಬಾದಿನದು. ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಅಲ್ಲಿ 648 ಮಂದಿ ಮರೆವಿನ ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ವರದಿಯನ್ನು ಪ್ರಕಟಿಸಿದರು. ಒಂದಕ್ಕಿಂತ ಹೆಚ್ಚು ಭಾಷೆಗಳನ್ನಾಡುವವರಲ್ಲಿ ರೋಗವು ಸುಮಾರು ನಾಲ್ಕೂವರೆ ವರ್ಷ ತಡವಾಗಿ ತಲೆದೋರಿತ್ತು. ಅಕ್ಷರವನ್ನರಿಯದವರಲ್ಲಿಯೂ ಈ ಅಂತರವು ಕಂಡುದರಿಂದ ಇದನ್ನು ಕೇವಲ ಶಾಲಾವಿದ್ಯೆಯ ಫಲವೆನ್ನುವಂತಿಲ್ಲ. ಒಂದು ಭಾಷೆಯನ್ನಾಡುವಾಗ ಇನ್ನೊಂದನ್ನು ತಡೆಹಿಡಿಯುವ ನಿತ್ಯಾಭ್ಯಾಸವೇ ಮಿದುಳಿಗೆ ಸಾಮೆಯಾಗುತ್ತದೆಂದು ಕೆಲವರ ತರ್ಕ. ಬೇರೆಡೆಯ ಎಲ್ಲ ಪರಿಶೋಧನೆಗಳೂ ಇದನ್ನು ಸಮರ್ಥಿಸಿಲ್ಲವೆಂಬುದನ್ನು ನಾನು ಮರೆಮಾಚಲಾರೆ. ಅದು ವೃದ್ಧರ ವಿಚಾರ, ಮಕ್ಕಳದಲ್ಲ ಎಂದು ನೀವು ಆಕ್ಷೇಪಿಸಿದರೆ ಅದೂ ನ್ಯಾಯವೇ. ಆದರೆ ಹಲವು ಭಾಷೆಗಳು ಬುದ್ಧಿಯನ್ನು ಕುಂದಿಸುತ್ತವೆಂಬ ಹಳೆಯ ನಂಬಿಕೆಯನ್ನು ಇಂದಿನ ವಿದ್ವಾಂಸರು ಕೈಬಿಟ್ಟಿದ್ದಾರೆ.

ಬರುವ ಜೂನ್ ತಿಂಗಳಲ್ಲಿ ಮಗುವನ್ನು ಸೇರಿಸುವವರು, ಭಾಷೆ ಹೆಚ್ಚಾಯಿತೆಂಬ ಒಂದೇ ಕಾರಣಕ್ಕೆ ಕನ್ನಡವನ್ನು ಬಿಡಿಸಬಾರದೆಂದು ವಿನಂತಿಸುತ್ತೇನೆ. ಬೇರೆ ಕಾರಣಗಳಿದ್ದರೆ ಕಚೇರಿಗೆ ಬನ್ನಿ, ಮಾತಾಡೋಣ.