ಬಾಡಿಗೆಯ ಕುಂಚ, ಸ್ವಂತದ ಕುಂಚ

ಮೈಸೂರು ಸಂಪ್ರದಾಯದ ಚಿತ್ರಕಾರರು ಹುಣಿಸೆಯ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟು, ರೇಖೆಗೆ ಬೇಕಾದ ಇದ್ದಿಲನ್ನು ತಾವೇ ಸಿದ್ಧಪಡಿಸಿಕೊಳ್ಳುತ್ತಿದ್ದರು. ಅಳಿಲಿನ ಕೂದಲಿನಿಂದ ಕುಂಚ ಕಟ್ಟುತ್ತಿದ್ದರು. ಕುಂಚ ಸವೆದರೆ ಮತ್ತೊಂದನ್ನು ಕಟ್ಟಿಕೊಳ್ಳಬಹುದಾಗಿತ್ತು; ಅದನ್ನು ಹಿಂದಕ್ಕೆ ಕೇಳುವ ಒಡೆಯನೊಬ್ಬನಿರಲಿಲ್ಲ. ಇಂದು ಗಣಕಯಂತ್ರದಲ್ಲಿ ಚಿತ್ರ ಬರೆಯಹೊರಟವರಿಗೆ ಕುಂಚ, ಬಣ್ಣ, ಕಾಗದ ಮೂರೂ ಒಂದೇ ತಂತ್ರಾಂಶದೊಳಗೆ ದೊರೆಯುತ್ತವೆ. ಅಂಥ ತಂತ್ರಾಂಶವನ್ನು ಹೊಸಬರು ಹೇಗೆ ಆರಿಸಿಕೊಳ್ಳಬೇಕು ಎಂಬುದು ಈ ಹೊತ್ತಿನ ನನ್ನ ಮಾತಿನ ವಿಷಯ. ಕನ್ನಡ ಎಂ.ಎ. ಮಾಡಿ, ಹಳಗನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಈ ಗೊಡವೆ ಏಕೆಂದು ನೀವು ಕೇಳಬಹುದು.

ನಾನಿರುವುದು ಕಡೂರು ತಾಲ್ಲೂಕಿನ ಪಂಚನಹಳ್ಳಿಯಲ್ಲಿ. ತೆಂಗು, ರಾಗಿಗಳನ್ನು ನಂಬಿದ ಬಯಲುಸೀಮೆಯ ಊರು. ನಮ್ಮ ಬೀದಿಯಲ್ಲಿ ಪಿ.ಯು.ಸಿ. ಮುಗಿಸಿದ ಹುಡುಗಿಯೊಬ್ಬಳಿದ್ದಾಳೆ, ಅವಳಿಟ್ಟ ರಂಗೋಲಿಯನ್ನು ದಾಟಿ ಹೋಗಲು ಕಾಲು ಬಾರದು. ಪಟ್ಟಣದ ತರಬೇತಿ ಕೇಂದ್ರವೊಂದರವರು, ತಿಂಗಳು ತಿಂಗಳೂ ಹಣ ಕಟ್ಟಬೇಕಾದ ತಂತ್ರಾಂಶವೇ ಬೇಕು, ಉಳಿದವೆಲ್ಲ ಆಟಿಕೆ ಎಂದು ಅವಳಿಗೆ ಹೇಳಿಬಿಟ್ಟಿದ್ದರು. ಅವಳ ತಂದೆ ಬಂದು ಕೇಳಿದರು: “ಮೇಷ್ಟ್ರೇ, ಕೊಬ್ಬರಿ ದುಡ್ಡು ವರ್ಷಕ್ಕೆ ಒಂದೆರಡು ಸಲ ಕೈಗೆ ಬರುತ್ತೆ. ತಿಂಗಳು ತಿಂಗಳು ಎಲ್ಲಿಂದ ಕಟ್ಟಲಿ? ಕಟ್ಟೋದು ನಿಲ್ಲಿಸಿದರೆ ಇವಳು ಬರೆದದ್ದೆಲ್ಲ ಏನಾಗುತ್ತೆ?”

ಮೊದಲನೆಯದು ಬಡತನದ ಪ್ರಶ್ನೆ. ಎರಡನೆಯದು ಒಡೆತನದ ಪ್ರಶ್ನೆ. ತಜ್ಞರೆನಿಸಿಕೊಂಡವರು ಎರಡನೆಯದನ್ನು ಕೇಳುವುದೇ ಇಲ್ಲ. ಅಡೋಬಿ ಸಂಸ್ಥೆಯ ಫೋಟೋಶಾಪ್ 1990ರಲ್ಲಿ ಹೊರಬಂದಾಗ ಒಮ್ಮೆ ಹಣ ತೆತ್ತು ಕೊಳ್ಳುವ ಸರಕಾಗಿತ್ತು. 2013ರಲ್ಲಿ ಆ ಸಂಸ್ಥೆ, ಹೊಸ ಆವೃತ್ತಿಗಳನ್ನು ಇನ್ನು ಚಂದಾದಾರರಿಗಷ್ಟೇ ಕೊಡುವುದಾಗಿ ಸಾರಿತು. ಚಂದಾ ನಿಂತರೆ ಕಡತವೇನೋ ನಮ್ಮ ಯಂತ್ರದಲ್ಲಿಯೇ ಉಳಿಯುತ್ತದೆ; ಅದನ್ನು ತೆರೆದು ತಿದ್ದುವ ಉಪಕರಣ ಮಾತ್ರ ಕೈತಪ್ಪುತ್ತದೆ. ಪೆಟ್ಟಿಗೆ ನಮ್ಮದು, ಬೀಗದ ಕೈ ಪರರದು ಎಂಬಂತೆ. ದುಡಿಮೆಗೆ ಇಳಿದ ಮುದ್ರಣಾಲಯದವರಿಗೆ ಇದು ತಕ್ಕುದಾದೀತು. ಇನ್ನೂ ಗೆರೆ ಎಳೆಯಲು ಕಲಿಯುತ್ತಿರುವವರಿಗೆ ಅಲ್ಲವೆಂದೇ ನನ್ನ ಅಭಿಪ್ರಾಯ.

ಹಾಗಾದರೆ ಬೇರೆ ದಾರಿಯುಂಟೆ? ಉಂಟು. ಕ್ರಿತಾ ಎಂಬ ತಂತ್ರಾಂಶ ಚಿತ್ರ ಬರೆಯುವುದಕ್ಕೆಂದೇ ರೂಪುಗೊಂಡದ್ದು. 2005ರಲ್ಲಿ ಅದು ಮೊದಲು ಸಾರ್ವಜನಿಕರಿಗೆ ದೊರೆಯಿತು. ಸ್ವೀಡಿಷ್ ಭಾಷೆಯಲ್ಲಿ ಆ ಹೆಸರಿಗೆ ಸೀಮೆಸುಣ್ಣವೆಂದು ಅರ್ಥ. ನಮ್ಮ ಕಿವಿಗೆ ಸಂಸ್ಕೃತದ ‘ಕೃತ’ ಕೇಳಿಸುವುದೂ ಆಕಸ್ಮಿಕವಲ್ಲ, ಹೆಸರಿಟ್ಟವರ ಮನಸ್ಸಿನಲ್ಲಿ ಮಹಾಭಾರತದ ಆ ಪದವೂ ಇತ್ತಂತೆ. ಅದರ ತಾಣದಿಂದ ಹಣವಿಲ್ಲದೆ ಇಳಿಸಿಕೊಳ್ಳಬಹುದು. ಕೆಲವು ಅಂತರಜಾಲ ಮಳಿಗೆಗಳಲ್ಲಿ ಅದಕ್ಕೆ ಬೆಲೆ ಕಂಡರೆ ಗಾಬರಿಯಾಗಬೇಡಿ. ಆ ಹಣ ತಯಾರಕರ ಪೋಷಣೆಗೆ, ವಸ್ತು ಅದೇ. ಒಮ್ಮೆ ಇಳಿಸಿಕೊಂಡ ಮೇಲೆ ಅಂತರಜಾಲವಿಲ್ಲದೆಯೂ ನಡೆಯುತ್ತದೆ. ನಮ್ಮಂಥ ಊರಿನಲ್ಲಿ ಇದು ಸಣ್ಣ ಅನುಕೂಲವಲ್ಲ.

ಬಿಟ್ಟಿ ಸಿಕ್ಕಿದ್ದು ಕೀಳೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂದಾಗ ಅದೂ ಬಿಟ್ಟಿಯಾಗಿಯೇ ದೊರೆತದ್ದು. ಕನ್ನಡಿಗರು ಅದರಿಂದ ಎಷ್ಟು ಪುಟ ಬರೆದರೆಂಬುದನ್ನು ನೆನೆಯಬೇಕು. ಕ್ರಿತಾ ಬಿಟ್ಟಿ ಮಾತ್ರವಲ್ಲ, ಮುಕ್ತವೂ ಹೌದು. ಅದರ ಒಳಗುಟ್ಟನ್ನು ಯಾರೂ ಓದಬಹುದು, ತಿದ್ದಬಹುದು, ಹಂಚಬಹುದು. 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಎಂಬಾತ ಸಾರಿದ ಮುಕ್ತ ತಂತ್ರಾಂಶದ ತತ್ತ್ವವಿದು.

ಆ ಹುಡುಗಿಗೆ ಕ್ರಿತಾವನ್ನೇ ಹಾಕಿಸಿಕೊಟ್ಟೆವು. ಅದರಲ್ಲಿ ಬಹುಕುಂಚವೆಂಬ ಸಾಧನವಿದೆ. ಒಂದು ಎಸಳು ಬರೆದರೆ ಕೇಂದ್ರದ ಸುತ್ತ ಎಂಟು ಎಸಳು ತಾವೇ ಮೂಡುತ್ತವೆ. ಅವಳು ಕಣ್ಣರಳಿಸಿ, “ತಾತ, ಚುಕ್ಕಿ ಇಡೋದೇ ಬೇಡ!” ಎಂದಳು. ನನಗೇಕೋ ಸ್ವಲ್ಪ ಅಸಮಾಧಾನವಾಯಿತು. ಚುಕ್ಕಿಯಿಟ್ಟು ಎಣಿಸಿದ ಬೆರಳಿಗೆ ತಿಳಿಯುವುದು ಯಂತ್ರ ಎಂಟು ಮಾಡಿಕೊಟ್ಟಾಗ ತಿಳಿಯುತ್ತದೆಯೆ? ಆದರೆ ವಾರ ಕಳೆಯುವುದರೊಳಗೆ ಅವಳು ಅದನ್ನು ಬಿಟ್ಟು ತೋಟದ ಬಾವಿಯನ್ನು ಬರೆಯತೊಡಗಿದ್ದಳು. ಪದರದ ಮೇಲೆ ಪದರವಿಟ್ಟು, ಕೆಳಗಿನ ಗೆರೆ ಕೆಡದಂತೆ ಮೇಲೆ ಬಣ್ಣ ತುಂಬುವುದು ಅವಳಿಗೆ ಬೇಗ ಒಲಿಯಿತು.

ಉಳಿದವುಗಳ ಮಾತು ಸಂಕ್ಷೇಪವಾಗಿ: ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು 1995ರಲ್ಲಿ ತೊಡಗಿದ ಗಿಂಪ್ ಛಾಯಾಚಿತ್ರ ತಿದ್ದಲು ಒಳ್ಳೆಯದು. ಎಷ್ಟು ಹಿಗ್ಗಿಸಿದರೂ ಅಂಚು ಒಡೆಯದ ಅಕ್ಷರ, ಲಾಂಛನ ಬೇಕಾದವರಿಗೆ ಇಂಕ್‌ಸ್ಕೇಪ್. ಎರಡಕ್ಕೂ ಹಣ ಬೇಡ. ಪ್ರೊಕ್ರಿಯೇಟ್‌ಗೆ ಒಮ್ಮೆ ಹಣ ಕೊಟ್ಟರೆ ಸಾಕು. ಆದರೆ ಅದು ಓಡುವುದು ಆಪಲ್ ಸಂಸ್ಥೆಯ ಯಂತ್ರಗಳಲ್ಲಿ ಮಾತ್ರ, ಆ ಯಂತ್ರದ ಬೆಲೆಯೇ ಭಾರ. ಮೊಬೈಲ್ ಬಿಟ್ಟು ಬೇರೇನೂ ಇಲ್ಲದವರು ಜಾಹೀರಾತುಗಳನ್ನು ಸಹಿಸಿಕೊಂಡು ಐಬಿಸ್‌ಪೇಂಟ್‌ನಿಂದ ಆರಂಭಿಸಬಹುದು. ಕದ್ದ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ತಂದುಕೊಡುವ ಮಿತ್ರರಿಂದ ಮಾತ್ರ ದೂರವಿರಿ. ಅದರೊಡನೆ ವೈರಸ್ಸೂ ಬರಬಹುದು. ಹಾಗೆ ಉಳಿದ ಹಣದಲ್ಲಿ, ಒತ್ತಡವನ್ನು ಅರಿಯುವ ಲೇಖನಿಯುಳ್ಳ ಸಣ್ಣ ಟ್ಯಾಬ್ಲೆಟ್ ಒಂದನ್ನು ಕೊಂಡರೆ ಮೇಲು. ಮೆಲ್ಲಗೆ ಒತ್ತಿದರೆ ತೆಳು ಗೆರೆ, ಬಲವಾಗಿ ಒತ್ತಿದರೆ ದಪ್ಪ ಗೆರೆ. ಇಲಿ ಹಿಡಿದ ಕೈಗೆ ಆ ನಯ ದಕ್ಕುವುದಿಲ್ಲ.

ಚಿತ್ರವನ್ನು ಉಳಿಸುವಾಗ ಎರಡು ಪ್ರತಿಗಳಿರಲಿ: ಪದರಗಳೊಡನೆ ಕ್ರಿತಾದ ಕೆಆರ್‌ಎ ಕಡತವೊಂದು, ಯಾವ ಯಂತ್ರದಲ್ಲಿಯೂ ತೆರೆಯುವ ಪಿಎನ್‌ಜಿ ಕಡತವೊಂದು. ಎರಡನ್ನೂ ಮನೆಯ ಗಣಕದಲ್ಲಿಯಷ್ಟೇ ಅಲ್ಲದೆ ಬೇರೊಂದು ಕಡೆಯೂ ಇಟ್ಟಿರಿ. ಆ ಹುಡುಗಿಯ ತಂದೆ ಅವಳ ಪೆನ್‌ಡ್ರೈವನ್ನು ಜಮೀನಿನ ಪಹಣಿಯ ಜೊತೆಗೆ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟಿದ್ದಾರೆ.